ಮೇಲೆ ಲೀನ್, ಕೆಳಗೆ ರಿಚ್: ಹಳೇ ಎಸ್ಟೀಮ್‌ನ ಪೆಟ್ರೋಲ್ ಪ್ರೆಷರ್ ಲಾಗ್

ಗಾಡಿ 2004ರ ಮಾರುತಿ ಎಸ್ಟೀಮ್, ಕೆಎ-25 ನಂಬರ್. ಇಂಜಿನ್ ಅದೇ 1298 ಸಿಸಿ, 16 ವಾಲ್ವಿನ ಜಿ13ಬಿಬಿ. ಕಂಪನಿಯಿಂದ ಬಂದಾಗ 85 ಬಿಎಚ್‌ಪಿ. ಈಗ ಬೇರೆ ಕ್ಯಾಮ್, 4-2-1 ಹೆಡರ್ (ಇಂಜಿನ್‌ನಿಂದ ಹೊಗೆ ಹೊರತರುವ ಪೈಪ್‌ಗಳು), ಸ್ವಲ್ಪ ದೊಡ್ಡ ಸೈಲೆನ್ಸರ್ ಪೈಪ್ ಇದೆ. ಕಂಪನಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ತೆಗೆದು, ಲ್ಯಾಪ್‌ಟಾಪ್‌ನಿಂದ ನಾವೇ ತಿದ್ದಬಹುದಾದ ಸ್ಪೀಡುಯಿನೋ ಹಾಕಿದ್ದೇನೆ. ಏರ್‌ಫ್ಲೋ ಮೀಟರ್ ಇಲ್ಲ, ಮ್ಯಾಪ್ ಸೆನ್ಸರ್ (ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವುದು) ನೋಡಿಕೊಂಡೇ ಪೆಟ್ರೋಲ್ ಲೆಕ್ಕ. ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಹತ್ತಿಸಿಲ್ಲ. ನನ್ನ ಅಂದಾಜಿಗೆ 95ರಿಂದ 100 ಬಿಎಚ್‌ಪಿ ಇರಬಹುದು.

ದೂರು ಮೂರು. 4500 ಆರ್‌ಪಿಎಂ ದಾಟಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ವೈಡ್‌ಬ್ಯಾಂಡ್ ಮೀಟರ್ (ಸೈಲೆನ್ಸರ್ ಪೈಪಿನ ಆಕ್ಸಿಜನ್ ನೋಡಿ ಮಿಶ್ರಣ ಹೇಳುವುದು) ಲೀನ್ ಕಡೆ, ಅಂದರೆ ಪೆಟ್ರೋಲ್ ಕಡಿಮೆ ಕಡೆ ಓಡುತ್ತಿತ್ತು. 0.87 ಲ್ಯಾಂಬ್ಡಾ (1.0 ಅಂದರೆ ಸರಿಯಾದ ಮಿಶ್ರಣ, ಅದಕ್ಕಿಂತ ಮೇಲೆ ಲೀನ್, ಕೆಳಗೆ ರಿಚ್) ಇರಬೇಕಾದ ಕಡೆ 6000ಕ್ಕೆ 1.02, ಜೊತೆಗೆ ಕಿಣಿಕಿಣಿ ಅಂತ ನಾಕಿಂಗ್. ಎರಡನೆಯದು ಐಡಲ್. 800ಕ್ಕೆ ನಿಲ್ಲಬೇಕಾದದ್ದು 700ರಿಂದ 1100ರ ನಡುವೆ ಏರಿ ಇಳಿಯುತ್ತಿತ್ತು. ಮೀಟರ್ ಅಲ್ಲೂ ಲೀನ್ ಎನ್ನುತ್ತಿತ್ತು, ಆದರೆ ಪ್ಲಗ್ ಬಿಚ್ಚಿದರೆ ಕಪ್ಪು ಮಸಿ, ಅಂದರೆ ರಿಚ್, ಪೆಟ್ರೋಲ್ ಜಾಸ್ತಿ. ಮೂರನೆಯದು, ರಾತ್ರಿ ನಿಂತ ಗಾಡಿ ಬೆಳಿಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆದ ಮೇಲೇ ಸ್ಟಾರ್ಟ್ ಆಗುತ್ತಿತ್ತು.

ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯ ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟ. "ಪಂಪ್ ವೀಕ್ ಆಗೇತ್ರಿ. ಹೊಸಾದ್ ಹಾಕಿಬಿಡೂಣು, ಮುಗೀತು." ಟ್ಯೂನಿಂಗ್ ಗೊತ್ತಿರುವ ಗೆಳೆಯ ಫೋನಿನಲ್ಲಿ ಬೇರೆಯದೇ ಹೇಳಿದ: ವಿಇ ಟೇಬಲ್‌ನಲ್ಲಿ (ಎಷ್ಟು ಪೆಟ್ರೋಲ್ ಕೊಡಬೇಕೆಂದು ಇಸಿಯು ನೋಡುವ ಪಟ್ಟಿ) ಮೇಲಿನ ಸಾಲುಗಳಿಗೆ 15 ಪರ್ಸೆಂಟ್ ಸೇರಿಸು. ಖರ್ಚಿಲ್ಲದ್ದು ಎರಡನೆಯದು. ಅದನ್ನೇ ಮೊದಲು ಮಾಡಿದೆ.

1. ಫಲ ಕೊಡದ ಎರಡು ಪ್ರಯತ್ನ

15 ಪರ್ಸೆಂಟ್ ಸೇರಿಸಿದೆ. 6000 ಆರ್‌ಪಿಎಂನಲ್ಲಿ ಇಂಜೆಕ್ಟರ್ ತೆರೆದಿರುವ ಸಮಯ 14 ಮಿಲಿಸೆಕೆಂಡ್ ಇದ್ದದ್ದು 16 ಆಯಿತು. ಆ ಸ್ಪೀಡಿನಲ್ಲಿ ಒಂದು ಪೂರ್ತಿ ಸೈಕಲ್‌ಗೆ (ಇಂಜಿನ್‌ನ ಎರಡು ಸುತ್ತು) ಸಿಗುವುದೇ 20 ಮಿಲಿಸೆಕೆಂಡ್. ಅಂದರೆ ಡ್ಯೂಟಿ (ಇಂಜೆಕ್ಟರ್ ತೆರೆದಿರುವ ಪಾಲು) 70ರಿಂದ 80 ಪರ್ಸೆಂಟ್‌ಗೆ ಹೋಯಿತು. ಲ್ಯಾಂಬ್ಡಾ 0.89ಕ್ಕೆ ಇಳಿಯಿತು. ಖುಷಿಯಾಯಿತು. ಆಮೇಲೆ ಒಂದು ಮಧ್ಯಾಹ್ನ ಬಿಸಿಲಿನಲ್ಲಿ, ಟ್ಯಾಂಕ್ ಕಾಲು ಭಾಗ ಇದ್ದಾಗ, ಅದೇ ಟೇಬಲ್ ಇಟ್ಟುಕೊಂಡು ಎಳೆದರೆ ಮತ್ತೆ 1.0.

ಟೇಬಲ್ ತಪ್ಪಿದ್ದರೆ ತಪ್ಪು ಎಲ್ಲ ಹೊತ್ತಿನಲ್ಲೂ ಒಂದೇ ಥರ ಇರಬೇಕು, ಅಲ್ವಾ? ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಂದರೆ ಕೆಟ್ಟಿರುವುದು ಲ್ಯಾಪ್‌ಟಾಪ್ ಒಳಗಲ್ಲ, ಗಾಡಿಯೊಳಗೆ. ಹಳೇ ಟ್ಯೂನ್ ಫೈಲ್ ಸೇವ್ ಮಾಡಿಟ್ಟಿದ್ದೆ, ಅದನ್ನೇ ವಾಪಸ್ ಹಾಕಿದೆ. ಮುಂದಿನ ಎಲ್ಲ ಅಳತೆಯೂ ಆ ಹಳೇ ಫೈಲ್ ಮೇಲೆ.

ಇನ್ನೊಂದು ಪ್ರಯತ್ನ ಫ್ಯುಯೆಲ್ ಫಿಲ್ಟರ್. 380 ರೂಪಾಯಿ. ಹಳೆಯದನ್ನು ಅಲ್ಲಾಡಿಸಿ ಬಿಳಿ ತಟ್ಟೆಗೆ ಸುರಿದರೆ ಒಂದಷ್ಟು ಕಂದು ಬಣ್ಣದ ಪುಡಿ ಬಂತು. ಹೊಸದು ಹಾಕಿದ ಮೇಲೂ ಲಾಗ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಈ ನಡುವೆ ಹೊಸ ಪಂಪ್ ಕೂಡ ತಂದಿಟ್ಟೆ, 2,600 ರೂಪಾಯಿ. ಪುಣ್ಯಕ್ಕೆ ಹಾಕಲಿಲ್ಲ.

2. ಮೀಟರ್ ನಿಜ ಹೇಳುತ್ತಿದೆಯಾ

ಐಡಲ್‌ನಲ್ಲಿ ಮೀಟರ್ 1.05 ಎನ್ನುತ್ತದೆ, ಪ್ಲಗ್ ಮಸಿ ಹಿಡಿದಿದೆ. ಎರಡರಲ್ಲಿ ಒಂದು ಸುಳ್ಳು. ಪ್ಲಗ್ ಸುಳ್ಳು ಹೇಳುವುದಿಲ್ಲ.

ಇಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಯನ್ನು ಬಟ್ಟೆ ಸುತ್ತಿ ಸೈಲೆನ್ಸರ್ ತುದಿಗೆ ಸೇರಿಸಿದೆ. ಹೆಡರ್ ಜಾಯಿಂಟ್‌ಗಳ ಮೇಲೆಲ್ಲ ಸೋಪಿನ ನೀರು ಸಿಂಪಡಿಸಿದೆ. ವೈಡ್‌ಬ್ಯಾಂಡ್ ಸೆನ್ಸರ್‌ಗಿಂತ ಮುಂಚೆ ಇರುವ ಫ್ಲಾಂಜ್‌ನಲ್ಲಿ, ಕೆಳಗಿನ ಬೋಲ್ಟ್ ಹತ್ತಿರ, ನೊರೆ ಎದ್ದಿತು. ಇಂಜಿನ್ ನಿಧಾನ ಓಡುವಾಗ ಪೈಪಿನೊಳಗೆ ಒತ್ತಡ ಏರಿ ಇಳಿಯುತ್ತದೆ. ಇಳಿದಾಗ ಇಂಥ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ, ಸೆನ್ಸರ್ ಆ ಆಕ್ಸಿಜನ್ ನೋಡಿ ಲೀನ್ ಎನ್ನುತ್ತದೆ. ಪೂರ್ತಿ ತುಳಿದಾಗ ಇದರ ಪ್ರಭಾವ ತೀರಾ ಕಡಿಮೆ. 180 ರೂಪಾಯಿಯ ಗ್ಯಾಸ್ಕೆಟ್ ಹಾಕಿದೆ. ಐಡಲ್ ಓದು 1.05ರಿಂದ ನೇರ 0.91ಕ್ಕೆ ಬಂತು. ಅಂದರೆ ಅಲ್ಲಿ ಗಾಡಿ ರಿಚ್ ಆಗಿಯೇ ಓಡುತ್ತಿತ್ತು. ಮೇಲಿನ 1.02 ಹಾಗೇ ಉಳಿಯಿತು.

ಇನ್ನೊಂದು ಸಣ್ಣ ತೊಡಕು. ವೈಡ್‌ಬ್ಯಾಂಡ್ ಗೇಜ್‌ನಲ್ಲಿ ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) 14.7 ಇದ್ದರೆ ಲ್ಯಾಪ್‌ಟಾಪ್‌ನಲ್ಲಿ 15.1 ಕಾಣುತ್ತಿತ್ತು. ನನ್ನ ವೈಡ್‌ಬ್ಯಾಂಡ್ ಕಂಟ್ರೋಲರ್‌ನಲ್ಲಿ ಒಂದು ವೋಲ್ಟ್ ಅಂದರೆ 2.375 ಎಎಫ್‌ಆರ್. 0.4ರ ವ್ಯತ್ಯಾಸಕ್ಕೆ 0.17 ವೋಲ್ಟ್ ಸಾಕು. ಅಷ್ಟು ವೋಲ್ಟ್ ಅರ್ತ್ ವೈರಿನಲ್ಲೇ ಹೋಗುತ್ತಿತ್ತು, ಏಕೆಂದರೆ ಸಿಗ್ನಲ್‌ನ ಅರ್ತ್ ಅನ್ನು ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಬೋಲ್ಟ್‌ಗೆ ಬಿಗಿದಿದ್ದೆ. ಅದನ್ನು ಇಸಿಯುನ ಸೆನ್ಸರ್ ಗ್ರೌಂಡ್‌ಗೆ ತಂದ ಮೇಲೆ ಎರಡೂ ಒಂದೇ ಹೇಳತೊಡಗಿದವು.

ಈ ಕಡೆ ಎಎಫ್‌ಆರ್ ಬಿಟ್ಟು ಲ್ಯಾಂಬ್ಡಾದಲ್ಲೇ ಬರೆಯುತ್ತಿದ್ದೇನೆ. ಈಗ ಬಂಕ್‌ಗಳಲ್ಲಿ ಸಿಗುವುದು ಇ20. ಬರೀ ಪೆಟ್ರೋಲ್‌ಗೆ ಸರಿಯಾದ ಮಿಶ್ರಣ 14.7 ಆದರೆ, 20 ಪರ್ಸೆಂಟ್ ಎಥೆನಾಲ್ ಸೇರಿದಾಗ ಅದು ಸುಮಾರು 13.5. ಗೇಜ್‌ಗೆ ಇದು ಗೊತ್ತಿಲ್ಲ, ಅದು ಲ್ಯಾಂಬ್ಡಾ 1.0 ಅನ್ನು 14.7 ಎಂದೇ ಬರೆಯುತ್ತದೆ. ಲ್ಯಾಂಬ್ಡಾ ನೋಡಿದರೆ ಈ ಗೊಂದಲವೇ ಇಲ್ಲ. ಹಳೇ ಪೆಟ್ರೋಲ್ ಮೇಲೆ ಟ್ಯೂನ್ ಮಾಡಿದ ಗಾಡಿಗಳು ಈಗ ತುಸು ಲೀನ್ ಓಡುವುದು ಸಹಜ. ಆದರೆ ಅದು ಎಲ್ಲ ಆರ್‌ಪಿಎಂನಲ್ಲೂ ಒಂದೇ ಅಳತೆಯಲ್ಲಿ ಆಗಬೇಕು, 4500ರ ಮೇಲೆ ಮಾತ್ರ ಅಲ್ಲ.

3. ಧೂಪದ ಹೊಗೆ

ಐಡಲ್ ತೂಗಾಟಕ್ಕೆ ವ್ಯಾಕ್ಯೂಮ್ ಲೀಕ್ ಹುಡುಕಬೇಕಿತ್ತು. ಒಂದು ಲೀಟರಿನ ಖಾಲಿ ಪೇಂಟ್ ಡಬ್ಬಿ, ಅಕ್ವೇರಿಯಂ ಪಂಪ್, 6 ಎಂಎಂ ಪೈಪ್, ಒಳಗೆ ಧೂಪ. ಇಷ್ಟೇ ಸ್ಮೋಕ್ ಮಷೀನ್. ಬೆಂಕಿ ಇರುವ ಡಬ್ಬಿ ಇದು, ಹಾಗಾಗಿ ಪೆಟ್ರೋಲ್ ಲೈನ್ ಮುಟ್ಟುವ ಮೊದಲೇ, ಬಯಲಿನಲ್ಲಿ, ಉದ್ದ ಪೈಪ್ ಹಾಕಿ ಡಬ್ಬಿಯನ್ನು ದೂರ ಇಟ್ಟು ಮಾಡಿದೆ. ಪೆಟ್ರೋಲ್ ವಾಸನೆ ಬರುತ್ತಿರುವ ಗಾಡಿಗೆ ಇದನ್ನು ಮಾಡಲೇಬೇಡಿ.

ಥ್ರಾಟಲ್ ಬಾಯಿಗೆ ರಬ್ಬರ್ ಗ್ಲೌಸ್ ಕಟ್ಟಿ, ಬ್ರೇಕ್ ಬೂಸ್ಟರ್ ಪೈಪಿನ ಕಡೆಯಿಂದ ಹೊಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಇಂಜಿನ್ ಬೇ ತುಂಬ ಗುಡಿಯ ವಾಸನೆ. ಥ್ರಾಟಲ್ ಶಾಫ್ಟ್‌ನಿಂದ ಎಳೆಯಷ್ಟು ಹೊಗೆ ಬಂತು, ಈ ವಯಸ್ಸಿನ ಗಾಡಿಗೆ ಅದು ಮಾಮೂಲು. ಆದರೆ ಫ್ಯುಯೆಲ್ ಪ್ರೆಷರ್ ರೆಗ್ಯುಲೇಟರ್‌ಗೆ (ಪ್ರೆಷರ್ ಹದದಲ್ಲಿಟ್ಟು, ಹೆಚ್ಚಾದ ಪೆಟ್ರೋಲನ್ನು ರಿಟರ್ನ್ ಹೋಸ್‌ನಿಂದ ಟ್ಯಾಂಕಿಗೆ ಕಳಿಸುವ ವಾಲ್ವ್) ಹೋಗುವ ಸಣ್ಣ ವ್ಯಾಕ್ಯೂಮ್ ಹೋಸ್ ನಿಪ್ಪಲ್ ಹತ್ತಿರ ಧಾರಾಳವಾಗಿ ಉಗುಳುತ್ತಿತ್ತು. ಬಗ್ಗಿಸಿ ನೋಡಿದರೆ ಕೆಳಭಾಗದಲ್ಲಿ ಉದ್ದ ಸೀಳು. ಮೇಲಿಂದ ನೋಡಿದರೆ ಹೊಸದರ ಹಾಗೆ ಇತ್ತು.

ವ್ಯಾಕ್ಯೂಮ್ ಲೀಕ್ ಅಂದರೆ ಲೀನ್ ಎಂದು ಎಲ್ಲರೂ ಹೇಳುತ್ತಾರೆ. ಏರ್‌ಫ್ಲೋ ಮೀಟರ್ ಇರುವ ಗಾಡಿಗೆ ಅದು ಸರಿ. ಮ್ಯಾಪ್ ಸೆನ್ಸರ್ ಗಾಡಿಯಲ್ಲಿ ಕಳ್ಳಗಾಳಿಯೂ ಮ್ಯಾನಿಫೋಲ್ಡ್ ಒತ್ತಡ ಏರಿಸುತ್ತದೆ, ಇಸಿಯು ಅದಕ್ಕೂ ಪೆಟ್ರೋಲ್ ಕೊಡುತ್ತದೆ. ಹೀಗಾಗಿ ಏರುವುದು ಐಡಲ್. ಇಲ್ಲಿ ಅದರ ಜೊತೆಗೆ ರೆಗ್ಯುಲೇಟರ್‌ಗೆ ಸರಿಯಾದ ವ್ಯಾಕ್ಯೂಮ್ ಸಿಗದೆ ಪೆಟ್ರೋಲ್ ಪ್ರೆಷರ್ ಕೂಡ ಜಾಸ್ತಿ ಇರಬೇಕು. ಹೋಸ್ ತಕ್ಷಣ ಬದಲಿಸಲಿಲ್ಲ. ಪ್ರೆಷರ್ ಗೇಜ್ ಹಾಕಿ, ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ನೋಡುವ ಆಸೆ.

4. ಗೇಜ್ ಹಾಕಿದ್ದು

0ಯಿಂದ 10 ಬಾರ್‌ನ ಗೇಜ್ ಕಿಟ್, 1,450 ರೂಪಾಯಿ. ಜೊತೆಗೆ 8 ಎಂಎಂ ಫ್ಯುಯೆಲ್ ಇಂಜೆಕ್ಷನ್ ಹೋಸ್ ಒಂದೂವರೆ ಮೀಟರ್, ಒಂದು ಟಿ ಜಾಯಿಂಟ್, ಇಂಜೆಕ್ಷನ್ ಕ್ಲಿಪ್‌ಗಳು. ಮಾಮೂಲಿ ಸ್ಕ್ರೂ ಕ್ಲಿಪ್‌ನ ಹಲ್ಲು ಹೋಸ್ ಕೊಯ್ಯುತ್ತದೆ, ಸುತ್ತ ಅಂಚು ಮಡಚಿದ ಕ್ಲಿಪ್ಪೇ ತನ್ನಿ.

ಮೊದಲು ಲೈನ್‌ನಲ್ಲಿರುವ ಪ್ರೆಷರ್ ಇಳಿಸಬೇಕು. ಪಂಪ್ ರಿಲೇ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ಆಫ್ ಆಗುವವರೆಗೆ ಬಿಟ್ಟೆ. ಆಮೇಲೆ ಇನ್ನೆರಡು ಸಲ ಸೆಲ್ಫ್. ಬ್ಯಾಟರಿ ನೆಗೆಟಿವ್ ಬಿಚ್ಚಿದೆ. ಅಷ್ಟಾದರೂ ಹೋಸ್ ಎಳೆದಾಗ ಅರ್ಧ ಚಹಾ ಲೋಟದಷ್ಟು ಪೆಟ್ರೋಲ್ ಬಂತು. ಕೆಳಗೆ ಬಟ್ಟೆ ಇರಲಿ, ಕೈಗೆ ಸಿಗುವ ಹಾಗೆ ಫೈರ್ ಎಕ್ಸ್‌ಟಿಂಗ್ವಿಶರ್ ಇರಲಿ.

ಈ ಕಾಲದ ಸುಜುಕಿ ಸರ್ವಿಸ್ ಮ್ಯಾನ್ಯುಯಲ್‌ಗಳ ಲೆಕ್ಕ ಹೀಗಿದೆ: ಪಂಪ್ ಓಡುತ್ತಾ ಇಂಜಿನ್ ನಿಂತಿರುವಾಗ 2.7ರಿಂದ 3.1 ಬಾರ್, ಐಡಲ್‌ನಲ್ಲಿ 2.1ರಿಂದ 2.6, ಆಫ್ ಮಾಡಿ ಒಂದು ನಿಮಿಷದ ನಂತರ 2.0ಕ್ಕಿಂತ ಮೇಲೆ.

ನನ್ನದು ಇಂಜಿನ್ ನಿಂತಾಗ 2.9. ಇದನ್ನು ನೋಡಿ ಪಂಪ್ ಸರಿ ಇದೆ ಎಂದು ಗೇಜ್ ಬಿಚ್ಚುವವರೇ ಹೆಚ್ಚು. ನಿಂತ ಇಂಜಿನ್ ಪೆಟ್ರೋಲ್ ಕುಡಿಯುವುದೇ ಇಲ್ಲ. ಸೋತ ಪಂಪ್ ಕೂಡ ಆಗ 2.9 ತೋರಿಸುತ್ತದೆ.

ಐಡಲ್‌ನಲ್ಲಿ 2.75. ಜಾಸ್ತಿ. ಸೀಳಿದ ವ್ಯಾಕ್ಯೂಮ್ ಹೋಸ್ ತೆಗೆದು ಹೊಸ 60 ರೂಪಾಯಿಯ ತುಂಡು ಹಾಕಿದೆ. ಮುಳ್ಳು ನಿಧಾನಕ್ಕೆ 2.3ಕ್ಕೆ ಬಂದು ನಿಂತಿತು. ಲ್ಯಾಂಬ್ಡಾ 0.91ರಿಂದ 0.98. ಐಡಲ್ 820. ಎರಡನೇ ದೂರು ಅಲ್ಲಿಗೆ ಮುಗಿಯಿತು.

ಈಗ ಆಫ್ ಮಾಡಿ ಫೋನಿನ ಟೈಮರ್ ಹಚ್ಚಿದೆ. ಒಂದು ನಿಮಿಷಕ್ಕೆ 0.8 ಬಾರ್. ಎಲ್ಲೋ ಸೋರುತ್ತಿದೆ. ಮತ್ತೆ ಪ್ರೆಷರ್ ಏರಿಸಿ, ಆಫ್ ಮಾಡಿದ ಕೂಡಲೇ ರಿಟರ್ನ್ ಹೋಸ್ ಅನ್ನು ರಬ್ಬರ್ ಸುತ್ತಿದ ಕ್ಲ್ಯಾಂಪ್‌ನಿಂದ ಒತ್ತಿ ಹಿಡಿದೆ. ಆದರೂ ಇಳಿಯಿತು, ಅಂದರೆ ರೆಗ್ಯುಲೇಟರ್ ಅಲ್ಲ. ಮುಂದಿನ ಸಲ ಬರುವ ಲೈನ್ ಒತ್ತಿದೆ, ಟಿಗಿಂತ ಟ್ಯಾಂಕ್ ಕಡೆಗೆ. ಒಂದು ನಿಮಿಷಕ್ಕೂ 2.5 ನಿಂತಿತು. ಇಂಜೆಕ್ಟರ್ ಸೋರುತ್ತಿಲ್ಲ, ತೊಂದರೆ ಟ್ಯಾಂಕ್ ಕಡೆ. ಬೆಳಗಿನ ಉದ್ದ ಸೆಲ್ಫ್‌ಗೆ ಕಾರಣ ಇದೇ.

ಕೊನೆಗೆ, ಪಂಪ್ ಓಡುತ್ತಿರುವಾಗ ರಿಟರ್ನ್ ಅನ್ನು ಎರಡು ಸೆಕೆಂಡ್ ಮಾತ್ರ ಪೂರ್ತಿ ಒತ್ತಿದೆ. ಆರೋಗ್ಯವಾಗಿರುವ ಪಂಪ್ ಇಲ್ಲಿ ಸರ್ರನೆ ಮೇಲೆ ಜಿಗಿಯಬೇಕು. ನನ್ನದು 3.4ಕ್ಕೆ ಹೋಗಿ ನಿಂತಿತು.

5. ಓಡಿಸಿ ನೋಡಿದ್ದು

ಗೇಜ್ ಅನ್ನು ಗಾಡಿಯೊಳಗೆ ತರಬಾರದು. ಹೋಸ್ ಒಡೆದರೆ ತೊಡೆ ಮೇಲೆ ಪೆಟ್ರೋಲ್. ಬಾನೆಟ್ ಹಿಂದಿನ ಸಂದಿಯಿಂದ ಹೋಸ್ ಹೊರಗೆ ತಂದು, ಗೇಜನ್ನು ಮುಂದಿನ ಗಾಜಿನ ಮೇಲೆ ಹೊರಗಡೆ ಇಟ್ಟು, ವೈಪರ್ ಕೆಳಗೆ ಸಿಕ್ಕಿಸಿ ಟೇಪ್ ಸುತ್ತಿದೆ. ಬಾನೆಟ್ ಮುಚ್ಚಿದಾಗ ಹೋಸ್ ಜಜ್ಜಬಾರದು ಎಂದು ಎರಡೂ ಕಡೆ ಸ್ಪಂಜ್ ತುಂಡು ಇಟ್ಟೆ. ಪಕ್ಕದ ಸೀಟಿನಲ್ಲಿ ಗೆಳೆಯ, ಕೈಯಲ್ಲಿ ಫೋನ್, ಗೇಜ್ ಮೇಲೆ ವಿಡಿಯೋ. ಅವನಿಗೆ ಲಂಚ ಧಾರವಾಡ ಪೇಢೆ.

ಜಾಗ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾ, ಭಾನುವಾರ. ಬೈಪಾಸ್‌ನಲ್ಲಿ ಇಂಥ ಕೆಲಸ ಬೇಡ, ಲಾರಿಗಳ ನಡುವೆ ಗೇಜ್ ನೋಡುತ್ತಾ ಹೋಗುವ ರಸ್ತೆ ಅಲ್ಲ ಅದು. ಎರಡನೇ ಗೇರ್ ಸಾಕು. 6000ಕ್ಕೆ ಸುಮಾರು 80 ಕಿಲೋಮೀಟರ್ ವೇಗ, ಏರು ಇರುವ ಕಡೆ ಎಳೆದರೆ ಲೋಡ್ ಕೂಡ ಸಿಗುತ್ತದೆ. ಲಾಗ್ ಮತ್ತು ವಿಡಿಯೋ ಹೊಂದಿಸಲು ಪ್ರತಿ ಸಲ ಹೊರಡುವ ಮೊದಲು ನಿಂತಲ್ಲೇ ಆಕ್ಸಿಲರೇಟರ್ ಒಮ್ಮೆ ಝಾಡಿಸುತ್ತಿದ್ದೆ. ಲಾಗ್‌ನಲ್ಲಿ ಥ್ರಾಟಲ್ ಗೆರೆ ನೆಗೆಯುತ್ತದೆ, ವಿಡಿಯೋದಲ್ಲಿ ಸದ್ದು ಕೇಳುತ್ತದೆ. ಅಲ್ಲಿಂದ ಸೆಕೆಂಡ್ ಎಣಿಸಿದರಾಯಿತು.

ಬೆಳಿಗ್ಗೆ ಎಳೆದಾಗ ಪ್ರೆಷರ್ 6000ಕ್ಕೆ 2.6. ಲ್ಯಾಂಬ್ಡಾ 0.92. ಇಷ್ಟೇನಾ ಅನಿಸಿತು. ತಣ್ಣನೆ ಪೆಟ್ರೋಲ್, ಟ್ಯಾಂಕ್ ಅರ್ಧಕ್ಕಿಂತ ಮೇಲೆ. ಮನೆಗೆ ಹೋಗಿ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಪೆಟ್ರೋಲ್ ಕಾಲು ಭಾಗಕ್ಕೆ ಇಳಿಸಿಕೊಂಡು ಮಧ್ಯಾಹ್ನ ಮತ್ತೆ ಬಂದೆವು. ಬಿಸಿಲಿನ ಹೊಳಪಿಗೆ ಗೇಜ್ ಕಾಣಲಿಲ್ಲ. ರಟ್ಟಿನ ಮರೆ ಕಟ್ಟಿ ಮತ್ತೆ ಎಳೆದಾಗ ವಿಡಿಯೋ ಸಿಕ್ಕಿತು:

3000 ಆರ್‌ಪಿಎಂ: 2.9 ಬಾರ್, ಲ್ಯಾಂಬ್ಡಾ 0.87
4500: 2.7 ಬಾರ್, 0.90
5200: 2.4 ಬಾರ್, 0.96
6000: 2.1 ಬಾರ್, 1.02

ಕೆಟ್ಟ ಹೊತ್ತಿನಲ್ಲಿ, ಕೆಟ್ಟ ಪರಿಸ್ಥಿತಿಯಲ್ಲಿ ಪರೀಕ್ಷೆ ಮಾಡದಿದ್ದರೆ ಬೆಳಗಿನ 2.6 ನೋಡಿಕೊಂಡು ಮತ್ತೆ ಟೇಬಲ್ ತಿದ್ದುತ್ತಾ ಕೂರಬೇಕಿತ್ತು.

ಇಲ್ಲಿ ಒಂದೇ ಒಂದು ಲೆಕ್ಕ. ಇಂಜೆಕ್ಟರ್ ಬಿಡುವ ಪೆಟ್ರೋಲ್ ಪ್ರೆಷರ್‌ನ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಪೂರ್ತಿ ತುಳಿದಾಗ ಮ್ಯಾನಿಫೋಲ್ಡ್ ಒತ್ತಡ ಹೆಚ್ಚುಕಡಿಮೆ ಹೊರಗಿನಷ್ಟೇ (ನಮ್ಮ ಎತ್ತರಕ್ಕೆ ಸುಮಾರು 94 ಕಿಲೋಪಾಸ್ಕಲ್), ಹಾಗಾಗಿ ಗೇಜ್ ಓದನ್ನೇ ನೇರ ಹಾಕಬಹುದು. 2.1 ಭಾಗಿಸು 2.9, ವರ್ಗಮೂಲ 0.85. ಅಂದರೆ 15 ಪರ್ಸೆಂಟ್ ಪೆಟ್ರೋಲ್ ಕಡಿಮೆ. 0.87 ಅನ್ನು 0.85ರಿಂದ ಭಾಗಿಸಿದರೆ 1.02. ಲಾಗ್‌ನಲ್ಲಿ ಇದ್ದದ್ದೂ ಅದೇ. ಲೀನ್ ಆಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಟೇಬಲ್‌ನಲ್ಲಿ ತಪ್ಪಿಲ್ಲ, ಕ್ಯಾಮ್‌ನಲ್ಲಿ ತಪ್ಪಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಸಮಾಧಾನ ಕೊಟ್ಟದ್ದು ಈ ಎರಡು ಅಂಕಿ ಕೂಡಿ ಬಂದದ್ದು.

6. ಎಷ್ಟು ಪೆಟ್ರೋಲ್ ಬರುತ್ತಿದೆ

ರಿಟರ್ನ್ ಪೈಪನ್ನು ಅಳತೆ ಜಾಡಿಗೆ ಬಿಟ್ಟು, ರಿಲೇ ಜಾಗದಲ್ಲಿ ಫ್ಯೂಸ್ ಇರುವ ವೈರಿನಿಂದ ಪಂಪ್ ಓಡಿಸಿದೆ. 30 ಸೆಕೆಂಡಿಗೆ 230 ಎಂಎಲ್. ಗಂಟೆಗೆ 27.6 ಲೀಟರ್. 100 ಬಿಎಚ್‌ಪಿ ಇಂಜಿನ್‌ಗೆ ಪೂರ್ತಿ ಲೋಡಿನಲ್ಲಿ ಗಂಟೆಗೆ 31 ಲೀಟರ್ ಹತ್ತಿರ ಬೇಕು. ಇ20ಗೆ ಇನ್ನೂ ಸ್ವಲ್ಪ ಜಾಸ್ತಿ. ಸಾಲುತ್ತಿಲ್ಲ ಎನ್ನುವುದಕ್ಕೆ ಮತ್ತೇನು ಬೇಕು?

7. ವೈರ್

"ನಾ ಹೇಳಿದ್ನಲ್ರೀ, ಪಂಪ್ ಅಂತ" ಎಂದ ಮೆಕ್ಯಾನಿಕ್. ಟ್ಯಾಂಕ್ ಇಳಿಸುವ ಮೊದಲು ಮಲ್ಟಿಮೀಟರ್ ಹಿಡಿದು ಪಂಪ್ ಕನೆಕ್ಟರ್ ಹಿಂದಿನಿಂದ ಅಳೆದೆ. ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಕನೆಕ್ಟರ್ ಬಿಚ್ಚಿ ನೋಡಿದರೆ ಕೆಟ್ಟ ವೈರ್ ಕೂಡ 12 ವೋಲ್ಟ್ ತೋರಿಸುತ್ತದೆ.

ಬ್ಯಾಟರಿಯಲ್ಲಿ 12.4, ಪಂಪ್‌ನಲ್ಲಿ 10.3. ಪಾಸಿಟಿವ್ ದಾರಿಯಲ್ಲಿ 1.3 ವೋಲ್ಟ್, ಅರ್ತ್ ದಾರಿಯಲ್ಲಿ 0.8 ಹೋಗುತ್ತಿದೆ. ಪಂಪ್‌ನ ಅರ್ತ್ ಬೋಲ್ಟ್ ಬಿಚ್ಚಿದರೆ ಕೆಳಗೆ ತುಕ್ಕಿನ ಪದರ. ಪಾಸಿಟಿವ್‌ನಲ್ಲಿ ಹಿಂದೆ ಯಾರೋ ಅಲಾರಂ ಹಾಕುವಾಗ ವೈರ್ ಕೊಯ್ದು, ಹೊಸೆದು, ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದಾಗ ತಾಮ್ರ ಹಸಿರಾಗಿತ್ತು.

ಬ್ಯಾಟರಿಯಿಂದ ನೇರ 2.5 ಚದರ ಎಂಎಂ ವೈರ್, ಬ್ಯಾಟರಿ ಹತ್ತಿರವೇ 15 ಆಂಪ್ ಫ್ಯೂಸ್, 30 ಆಂಪ್ ರಿಲೇ. ಹಳೇ ಪಂಪ್ ವೈರ್ ಈಗ ರಿಲೇ ಒತ್ತುವುದಕ್ಕೆ ಮಾತ್ರ. ಹೀಗಾಗಿ ಇಂಜಿನ್ ನಿಂತರೆ ಇಸಿಯು ಪಂಪ್ ನಿಲ್ಲಿಸುವ ವ್ಯವಸ್ಥೆ ಹಾಗೇ ಉಳಿಯಿತು. ಸ್ವಿಚ್ ಹಾಕಿ ಪಂಪ್ ಓಡಿಸುವವರನ್ನು ನೋಡಿದ್ದೇನೆ, ಅಪಘಾತವಾದಾಗ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅರ್ತ್ ಜಾಗ ಲೋಹ ಹೊಳೆಯುವಂತೆ ಉಜ್ಜಿ ಹೊಸ ಲಗ್ ಹಾಕಿದೆ. ಒಟ್ಟು 520 ರೂಪಾಯಿ. ಈಗ ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.0, ಪಂಪ್‌ನಲ್ಲಿ 13.7.

30 ಸೆಕೆಂಡಿಗೆ 300 ಎಂಎಲ್. ಮಧ್ಯಾಹ್ನದ ಓಟದಲ್ಲಿ 6000ಕ್ಕೆ 2.5 ಬಾರ್, ಲ್ಯಾಂಬ್ಡಾ 0.94. ಅರ್ಧ ದಾರಿ ಬಂದ ಹಾಗಾಯಿತು. ಪ್ರೆಷರ್ ಆಫ್ ಆದ ಮೇಲೆ ಇಳಿಯುವುದು ಮಾತ್ರ ಹಾಗೇ ಇದೆ. ವೈರ್‌ನಿಂದ ಅದು ಸರಿಯಾಗುವುದೂ ಇಲ್ಲ.

8. ಟ್ಯಾಂಕ್ ಇಳಿಸಿದ್ದು

ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಜ್ಯಾಕ್ ಮೇಲೆ ಹಲಗೆ ಇಟ್ಟು ಟ್ಯಾಂಕ್ ಇಳಿಸಿದೆವು. ಒಂದು ಬೋಲ್ಟ್ ಮುರಿಯಿತು, ಅದಕ್ಕೇ ಅರ್ಧ ದಿನ. ಪಂಪ್ ಇರುವ ತಟ್ಟೆಯ ಸುತ್ತ ಎರೆಮಣ್ಣಿನ ಧೂಳು ಗಟ್ಟಿಯಾಗಿ ಕೂತಿತ್ತು. ತಟ್ಟೆ ಎತ್ತುವ ಮೊದಲು ಬ್ರಷ್‌ನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಅದೆಲ್ಲ ಟ್ಯಾಂಕ್ ಒಳಗೆ.

ಪಂಪ್ ಮತ್ತು ಮೇಲಿನ ಉಕ್ಕಿನ ಪೈಪ್ ನಡುವೆ ಬೆರಳುದ್ದದ ಒಂದು ರಬ್ಬರ್ ಹೋಸ್ ಇರುತ್ತದೆ. ನನ್ನ ಗಾಡಿಯದು ನೆನೆಸಿದ ರೊಟ್ಟಿಯ ಹಾಗೆ ಉಬ್ಬಿ, ಹಿಂಡಿದರೆ ಕೈಗೆ ಕಪ್ಪು ಬಿಡುತ್ತಿತ್ತು. ಕೆಳಗಿನ ಕ್ಲಿಪ್ ಹತ್ತಿರ ಉಗುರು ಹೊಕ್ಕುವಷ್ಟು ಸೀಳು. ಪಂಪ್ ಎತ್ತಿದ ಪೆಟ್ರೋಲ್‌ನಲ್ಲಿ ಒಂದು ಪಾಲು ಅಲ್ಲೇ ಟ್ಯಾಂಕಿಗೆ ವಾಪಸ್ ಚಿಮ್ಮುತ್ತಿತ್ತು. ಪ್ರೆಷರ್ ಹೆಚ್ಚಾದಷ್ಟೂ ಸೀಳು ಬಾಯಿ ತೆರೆಯುತ್ತದೆ, ಅದಕ್ಕೇ ರಿಟರ್ನ್ ಒತ್ತಿದಾಗ 3.4ಕ್ಕಿಂತ ಮೇಲೆ ಹೋಗಲಿಲ್ಲ. ಪಂಪ್‌ನೊಳಗೆ ಪೆಟ್ರೋಲ್ ಹಿಂದೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇದ್ದರೂ ಸೀಳು ಅದರ ಆಚೆಗಿದೆ, ಹಾಗಾಗಿ ರಾತ್ರಿ ಲೈನ್ ಖಾಲಿ.

ಹಿಂದೆ ಹಾಕಿದವರು ಮಾಮೂಲಿ ಫ್ಯುಯೆಲ್ ಹೋಸ್ ಹಾಕಿದ್ದರು. ಒಳಗೆ ಪೆಟ್ರೋಲ್ ಹರಿಯಲು ಮಾಡಿದ ಹೋಸ್, ಹೊರಗಡೆಯೂ ಪೆಟ್ರೋಲ್‌ನಲ್ಲಿ ಮುಳುಗಿರಲು ಮಾಡಿದ್ದಲ್ಲ. ಮುಳುಗುವ ಜಾಗಕ್ಕೆ ಬೇಕಾದದ್ದು ಎಸ್‌ಎಇ ಜೆ30ಆರ್10 ಎಂದು ಮೇಲೆ ಅಚ್ಚಾಗಿರುವ ಹೋಸ್. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿದೆ. "ಎಲ್ಲಾ ಒಂದ ರೀ, ಇದನ್ನ ಒಯ್ರಿ" ಎಂದು ಮಾಮೂಲಿ ಹೋಸನ್ನೇ ಕೊಟ್ಟರು. ಆನ್‌ಲೈನ್‌ನಲ್ಲಿ 30 ಸೆಂಟಿಮೀಟರ್‌ಗೆ 900 ರೂಪಾಯಿ. ಬರುವವರೆಗೆ ಗಾಡಿ ಸುಮ್ನೆ ಸ್ಟ್ಯಾಂಡ್ ಮೇಲೆ.

ಪಂಪ್ ಕೆಳಗಿನ ಬಲೆಯ ಸ್ಟ್ರೈನರ್ ಅರ್ಧಕ್ಕೂ ಹೆಚ್ಚು ಕಟ್ಟಿತ್ತು, ಧೂಳಿನ ಜೊತೆಗೆ ಇದೇ ಹೋಸಿನ ಪುಡಿ. ಹೊಸದು 250. ಹಳೇ ಪಂಪ್ ಬೇರೆ ಪಾತ್ರೆಯಲ್ಲಿ ಓಡಿಸಿ ನೋಡಿದರೆ ಸದ್ದು ಸಮ, ಹರಿವು ಧಾರಾಳ. ಅದನ್ನೇ ವಾಪಸ್ ಹಾಕಿದೆ. ಹೊಸ ಪಂಪ್ ಹಾಕಿಬಿಟ್ಟಿದ್ದರೆ ಹೋಸ್, ಸ್ಟ್ರೈನರ್ ಜೊತೆಗೇ ಹೊಸದಾಗಿ, ಪಂಪ್‌ನಿಂದಲೇ ಸರಿಯಾಯಿತು ಎಂದು ಎಲ್ಲರೂ ನಂಬುತ್ತಿದ್ದೆವು. ವೈರ್ ಮಾತ್ರ ಒಳಗೊಳಗೇ ಬಿಸಿಯಾಗುತ್ತಾ ಇರುತ್ತಿತ್ತು.

ಟ್ಯಾಂಕ್ ಏರಿಸಿದ ಮೇಲೆ 30 ಸೆಕೆಂಡಿಗೆ 560 ಎಂಎಲ್, ಗಂಟೆಗೆ 67 ಲೀಟರ್. ಆಫ್ ಮಾಡಿ ಒಂದು ನಿಮಿಷಕ್ಕೆ 2.5. ಮರುದಿನ ಬೆಳಿಗ್ಗೆ ಅರ್ಧ ಸೆಲ್ಫ್‌ಗೆ ಸ್ಟಾರ್ಟ್.

9. ಇಂಜೆಕ್ಟರ್

ಮೂರನೇ ಸಿಲಿಂಡರ್ ಪ್ಲಗ್ ಮಾತ್ರ ಉಳಿದವಕ್ಕಿಂತ ಬೆಳ್ಳಗಿತ್ತು. ವೈಡ್‌ಬ್ಯಾಂಡ್ ಕೊಡುವುದು ನಾಲ್ಕರ ಸರಾಸರಿ, ಒಂದು ಸಿಲಿಂಡರ್ ಒಣಗುತ್ತಿದ್ದರೂ ಅದು ಚೆನ್ನಾಗಿಯೇ ಕಾಣುತ್ತದೆ. ಹುಬ್ಬಳ್ಳಿಯಲ್ಲೇ ಟೆಸ್ಟ್ ಬೆಂಚ್ ಇರುವ ಕಡೆ ಕೊಟ್ಟೆ. 3 ಬಾರ್, 30 ಸೆಕೆಂಡ್ ಪೂರ್ತಿ ತೆರೆದು: 92, 90, 84, 91 ಎಂಎಲ್. ಅಲ್ಟ್ರಾಸಾನಿಕ್ ಕ್ಲೀನಿಂಗ್ ಆದ ಮೇಲೆ 93, 92, 91, 92. ಓ-ರಿಂಗ್ ಸೇರಿ 1,200 ರೂಪಾಯಿ. ಜಾಡಿಗಳನ್ನು ಕಣ್ಣೆದುರೇ ನೋಡಬೇಕು ಎಂದು ಹೇಳಿಯೇ ಕೊಟ್ಟಿದ್ದೆ. ಬರೀ "ಕ್ಲೀನ್ ಆಗೇತಿ" ಎನ್ನುವ ಮಾತಿಗೆ ದುಡ್ಡು ಕೊಡಬೇಡಿ.

10. ಟೇಬಲ್

ಈಗ ಲ್ಯಾಪ್‌ಟಾಪ್ ತೆರೆದೆ. ಹಳೇ ಫೈಲ್, ಮಧ್ಯಾಹ್ನ, ಕಾಲು ಟ್ಯಾಂಕ್. 6000ಕ್ಕೆ 2.9 ಬಾರ್, ಲ್ಯಾಂಬ್ಡಾ 0.85. ಇಂಜೆಕ್ಟರ್ ತೊಳೆದದ್ದರಿಂದ ಎರಡು ಮೂರು ಪರ್ಸೆಂಟ್ ಜಾಸ್ತಿ ಬರುತ್ತಿದೆ. ಇಡೀ ಟೇಬಲ್‌ನಿಂದ ಎರಡು ಪರ್ಸೆಂಟ್ ಕಳೆದೆ. 0.87. ಮೊದಲು 15 ಸೇರಿಸು ಎಂದಿದ್ದ ಜಾಗದಲ್ಲಿ ಕೊನೆಗೆ ಮಾಡಿದ ತಿದ್ದುಪಡಿ ಇಷ್ಟು. ಗೆಳೆಯನಿಗೆ ಲಾಗ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ.

ಎರಡನೇ ಗೇರಿನ ಸಣ್ಣ ಎಳೆತ ನಂಬಿ ಕೂರುವುದಕ್ಕಾಗಲಿಲ್ಲ. ಅಂಕೋಲಾ ಕಡೆ ಹೋಗುವ ಕೆಲಸ ಇತ್ತು. ವಾಪಸ್ ಬರುವಾಗ ಅರಬೈಲ್ ಘಾಟಿಯ ಏರಿನಲ್ಲಿ ಮೂರನೇ ಗೇರ್, ಎಸಿ ಹಾಕಿ, ಗಾಡಿಯಲ್ಲಿ ನಾಲ್ಕು ಜನ. ಗೇಜ್ ಮತ್ತೆ ವೈಪರ್ ಕೆಳಗೆ. ಮುಳ್ಳು 2.85ಕ್ಕಿಂತ ಕೆಳಗೆ ಬರಲಿಲ್ಲ. ನಾಕಿಂಗ್ ಇಲ್ಲ.

ಒಟ್ಟು ಖರ್ಚು ಗೇಜ್ ಸೇರಿ 5,000 ರೂಪಾಯಿ ಹತ್ತಿರ, ಬಳಸದ ಪಂಪ್ ಬಿಟ್ಟು. ಟ್ಯಾಂಕ್ ಇಳಿಸಿ ಏರಿಸಿದ ಕೂಲಿ 1,500 ಬೇರೆ.

ಉಳಿದಿರುವುದು ಎರಡು. ಬಿಸಿ ಇಂಜಿನ್ ಆಫ್ ಮಾಡಿ ಹತ್ತು ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಕೆಲವು ಸೆಕೆಂಡ್ ತಡವರಿಸುತ್ತದೆ, ಲ್ಯಾಂಬ್ಡಾ 1.1 ಮುಟ್ಟಿ ಬರುತ್ತದೆ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೇಲ್‌ನಲ್ಲಿ ಬಿಸಿಗೆ ಪೆಟ್ರೋಲ್ ಆವಿಯಾಗುತ್ತಿದೆಯೋ, ಇನ್‌ಟೇಕ್ ಗಾಳಿಯ ಸೆನ್ಸರ್ ಕಾದು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತಿದೆಯೋ, ಲಾಗ್ ಹಾಕಿ ನೋಡಬೇಕು. ಇನ್ನೊಂದು, ಇಂಜಿನ್ ಬೇಯಲ್ಲಿ ಉಳಿದಿರುವ ಹಳೇ ಪೆಟ್ರೋಲ್ ಹೋಸ್‌ಗಳು. ಅವು ಇ20 ಕಾಲದವಲ್ಲ, ಮಳೆಗಾಲಕ್ಕೆ ಮುಂಚೆ ಎಲ್ಲ ಬದಲಿಸುತ್ತೇನೆ. ಟಿ ಮತ್ತು ಗೇಜ್ ಬಿಚ್ಚಿ ಡಿಕ್ಕಿಯಲ್ಲಿಟ್ಟಿದ್ದೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗಾದರೂ ಬೇಕಿದ್ದರೆ ಒಯ್ಯಿರಿ, ಕ್ಲಿಪ್‌ಗಳನ್ನು ಮಾತ್ರ ನೀವೇ ಹೊಸದು ತನ್ನಿ.